ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಹಾರುವ ಮುನ್ನ ಕೆಳಗಿನ ನೆಲ ಯಾರದೆಂದು ನೋಡಿ

ಅಮೆರಿಕದ ಲಾಸ್ ವೇಗಸ್‌ನ ಹೋಟೆಲುಗಳಲ್ಲಿ ಜೋಡಿಸಿಟ್ಟ, ಹೆಲಿಕಾಪ್ಟರ್-ವಿಮಾನ ಪ್ರವಾಸದ ಬಣ್ಣದ ಕರಪತ್ರಗಳಲ್ಲೆಲ್ಲ ಇರುವುದು ಒಂದೇ ಹೆಸರು, ಗ್ರ್ಯಾಂಡ್ ಕ್ಯಾನ್ಯನ್. ಒಳಗಿನ ಸರಕು ಮಾತ್ರ ಎರಡು ಬಗೆಯದು. 'ವೆಸ್ಟ್ ರಿಮ್' (ಪಶ್ಚಿಮದ ಅಂಚು) ಎಂದು ಬರೆದಿದ್ದರೆ ಅದು ಹ್ವಾಲಪಾಯ್ ಬುಡಕಟ್ಟಿನ ಸ್ವಂತ ನೆಲ, ರಾಷ್ಟ್ರೀಯ ಉದ್ಯಾನವಲ್ಲ. 'ಸೌತ್ ರಿಮ್' (ದಕ್ಷಿಣದ ಅಂಚು) ಎಂದಿದ್ದರೆ ಅದು 1919ರಲ್ಲಿ ರಾಷ್ಟ್ರೀಯ ಉದ್ಯಾನವಾದ, ಕ್ಯಾಲೆಂಡರುಗಳಲ್ಲಿ ಕಾಣುವ ಅಗಲವಾದ ಕಮರಿ. ಎರಡರ ನಡುವೆ ರಸ್ತೆಯಲ್ಲಿ 390 ಕಿಲೋಮೀಟರಿನಷ್ಟು ದೂರವಿದೆ. ಕಾರಿನಲ್ಲಿ ನಾಲ್ಕು ಗಂಟೆಗೆ ಕಡಿಮೆಯಿಲ್ಲ. ರಾಷ್ಟ್ರೀಯ ಉದ್ಯಾನದ ಪಾಸ್ ತೋರಿಸಿದರೆ ಹ್ವಾಲಪಾಯ್ ಗೇಟಿನಲ್ಲಿ ನಡೆಯುವುದಿಲ್ಲ, ಅಲ್ಲಿ ಟಿಕೆಟ್ ಬೇರೆ. ಇದು ಗೊತ್ತಿಲ್ಲದೆ ಮುಂಗಡ ಕಟ್ಟಿ ಆಮೇಲೆ ಗೊಣಗುವವರೇ ಹೆಚ್ಚು.

ಎಲ್ಲಿ ಹಾರಬಹುದು, ಎಷ್ಟು ಎತ್ತರದಲ್ಲಿ, ಎಷ್ಟು ಗಂಟೆಯವರೆಗೆ, ಕೆಳಗೆ ಇಳಿಯಬಹುದೇ ಎಂಬುದನ್ನೆಲ್ಲ ತೀರ್ಮಾನಿಸುವುದು ಪೈಲಟ್ ಅಲ್ಲ. ಕೆಳಗಿನ ನೆಲ ಯಾರದು ಎಂಬ ಪ್ರಶ್ನೆ ಮತ್ತು ಅದರ ಮೇಲೆ ಗೆರೆ ಎಳೆದ ಕಾನೂನು ಸೇರಿ ತೀರ್ಮಾನಿಸುತ್ತವೆ. ಆ ನಕಾಶೆಯನ್ನು ಮೊದಲು ಓದಿಕೊಂಡರೆ ಕಿಟಕಿಯಾಚೆ ಕಾಣುವುದು ಅರ್ಧಕ್ಕರ್ಧ ಬೇರೆಯಾಗುತ್ತದೆ.

ವೇಗಸ್ ಕಡೆಯಿಂದ ಹೊರಡುವ ವಿಮಾನಗಳಲ್ಲಿ ಬಹಳಷ್ಟು ಏರುವುದು ನಗರದಿಂದ ಸುಮಾರು 40 ಕಿ.ಮೀ. ಆಗ್ನೇಯಕ್ಕಿರುವ ಬೌಲ್ಡರ್ ಸಿಟಿಯ ಸಣ್ಣ ನಿಲ್ದಾಣದಿಂದ. ಏರಿದ ಕೆಲವೇ ನಿಮಿಷಕ್ಕೆ ಹೂವರ್ ಅಣೆಕಟ್ಟು, ಅದರ ಹಿಂದೆ ಮೀಡ್ ಸರೋವರ. ಸರೋವರದ ಸುತ್ತ ಬಂಡೆಗಳಿಗೆ ಸುಣ್ಣ ಬಳಿದಂತೆ ಕಾಣುವ ಬಿಳಿ ಪಟ್ಟಿ ಹಳೆಯ ನೀರಿನ ಮಟ್ಟದ ಗುರುತು. ಗ್ರ್ಯಾಂಡ್ ವಾಶ್ ಬಂಡೆಸಾಲು ದಾಟಿದರೆ ಕಮರಿಯ ಪಶ್ಚಿಮದ ಬಾಯಿ.

ಗಡಿಯಾರದ ಬಗ್ಗೆ ಒಂದು ಮಾತು. ಅರಿಝೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ, ನೆವಾಡಾ ಇಡುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಎರಡೂ ಕಡೆ ಒಂದೇ ಸಮಯ. ಚಳಿಗಾಲದಲ್ಲಿ ಅರಿಝೋನಾ ಒಂದು ಗಂಟೆ ಮುಂದೆ. ಅರಿಝೋನಾದೊಳಗೇ ಇರುವ ನವಾಹೊ ಬುಡಕಟ್ಟಿನ ನಾಡು ಮತ್ತೆ ಗಡಿಯಾರ ಬದಲಿಸುತ್ತದೆ. ಫೋನು ಯಾವ ಟವರ್ ಹಿಡಿದಿದೆಯೋ ಆ ಸಮಯ ತೋರಿಸಿ ವಿಮಾನ ತಪ್ಪಿಸುತ್ತದೆ. ಕಾಯ್ದಿರಿಸುವಾಗಲೇ 'ಯಾವ ರಾಜ್ಯದ ಸಮಯ' ಎಂದು ಕೇಳಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಹ್ವಾಲಪಾಯ್ ನೆಲದ ಮೇಲೆ ಹೆಲಿಕಾಪ್ಟರ್ ಅಂಚನ್ನು ದಾಟಿ ಕೆಳಕ್ಕೆ, ಕಮರಿಯ ತಳದವರೆಗೂ ಇಳಿಯುತ್ತದೆ. ಕೊಲರಾಡೊ ನದಿಯ ಪಕ್ಕದ ತಟ್ಟಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ದೋಣಿಯಲ್ಲಿ ಸಣ್ಣದೊಂದು ಸುತ್ತು. ಉದ್ಯಾನದ ಗಡಿಯೊಳಗೆ ಪ್ರವಾಸಿ ವಿಮಾನಕ್ಕೆ ಇದು ಪೂರ್ತಿ ನಿಷಿದ್ಧ: ಅಂಚಿಗಿಂತ ಕೆಳಗೆ ಹಾರುವಂತಿಲ್ಲ, ಇಳಿಯುವಂತಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ಸೊಗಸಿಗಿಂತ ಹೆಚ್ಚಾಗಿ ಹೊಟ್ಟೆಪಾಡು. 2000ನೇ ಇಸವಿಯಲ್ಲಿ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ, ಕಮರಿಯ ಮೇಲಿನ ಪ್ರವಾಸಿ ಹಾರಾಟಗಳಿಗೆ ವರ್ಷಕ್ಕೆ 93,971 ಎಂಬ ಮಿತಿ ಹಾಕಿತು. 1997ರ ಮೇಯಿಂದ 1998ರ ಏಪ್ರಿಲ್‌ವರೆಗೆ ಕಂಪನಿಗಳು ತಾವೇ ವರದಿ ಮಾಡಿದ್ದ ಹಾರಾಟಗಳ ಲೆಕ್ಕವೇ ಅದಕ್ಕೆ ಆಧಾರ. ಹ್ವಾಲಪಾಯ್ ಬುಡಕಟ್ಟಿನೊಂದಿಗೆ ಒಪ್ಪಂದ ಮಾಡಿಕೊಂಡು ಅವರ ನೆಲಕ್ಕೆ ಬಂದು ಹೋಗುವ ಹಾರಾಟಗಳನ್ನು ಆ ಮಿತಿಯಿಂದ ಹೊರಗಿಟ್ಟರು. ಸುಮಾರು ಹತ್ತು ಲಕ್ಷ ಎಕರೆ ಒಣನೆಲದಲ್ಲಿ ಬೇರೆ ದೊಡ್ಡ ಆದಾಯವಿಲ್ಲದ ಸಮುದಾಯದ ಮುಖ್ಯ ವರಮಾನವನ್ನು ಉದ್ಯಾನದ ಶಾಂತಿಗಾಗಿ ಕತ್ತರಿಸುವುದು ನ್ಯಾಯವಲ್ಲ ಎಂಬುದು ವಾದ. ವಾದ ಸರಿಯೇ. ಆದರೆ ಒಂದು ಕಡೆ ಮುಚ್ಚಿಟ್ಟ ಸದ್ದು ಇನ್ನೊಂದು ಕಡೆ ಎದ್ದಿತು. ನದಿಯಲ್ಲಿ ತೆಪ್ಪ ನಡೆಸುವವರು ಕ್ವಾರ್ಟರ್‌ಮಾಸ್ಟರ್ ಕಂದರದ ಸುತ್ತಲಿನ ಭಾಗಕ್ಕೆ 'ಹೆಲಿಕಾಪ್ಟರ್ ಗಲ್ಲಿ' ಎಂದೇ ಹೆಸರಿಟ್ಟಿದ್ದಾರೆ. ಅಂಚಿನಿಂದ ಸುಮಾರು 21 ಮೀಟರ್ ಹೊರಚಾಚಿದ, 2007ರಲ್ಲಿ ತೆರೆದ ಗಾಜಿನ ಸ್ಕೈವಾಕ್ ಇರುವುದೂ ಇದೇ ನೆಲದಲ್ಲಿ. ಅದರ ಮೇಲೆ ಬಹಳ ವರ್ಷ ಫೋನು ಒಯ್ಯಲು ಬಿಡುತ್ತಿರಲಿಲ್ಲ.

2018ರ ಫೆಬ್ರುವರಿಯಲ್ಲಿ ಇದೇ ಕ್ವಾರ್ಟರ್‌ಮಾಸ್ಟರ್ ಬಳಿ ಇಳಿಯುತ್ತಿದ್ದ ಹೆಲಿಕಾಪ್ಟರ್ ಬಿದ್ದು ಐದು ಜನ ಸತ್ತರು. ಕಿರಿದಾದ ಕಂದರದಲ್ಲಿ ಹಿಂಬದಿ ಗಾಳಿ, ಕೆಳಕ್ಕೆ ಒತ್ತುವ ಗಾಳಿ, ಸುಳಿ ಇವೆಲ್ಲ ಒಟ್ಟಿಗೆ ಬಂದರೆ ಪೈಲಟ್ಟಿನ ಹಿಡಿತ ತಪ್ಪುತ್ತದೆ. ಬಿದ್ದ ಮೇಲೆ ಬೆಂಕಿಯೂ ಹತ್ತಿತು, ಅದರ ಇಂಧನ ಟ್ಯಾಂಕು ಬಡಿತ ತಡೆಯುವಂಥದ್ದಾಗಿರಲಿಲ್ಲ. ಅದೇ ವರ್ಷದ ಕಾನೂನು, ಹೊಸದಾಗಿ ತಯಾರಾಗುವ ಹೆಲಿಕಾಪ್ಟರುಗಳಿಗೆ 2020ರ ಏಪ್ರಿಲ್‌ನಿಂದ ಅಂಥ ಟ್ಯಾಂಕನ್ನು ಕಡ್ಡಾಯ ಮಾಡಿತು. ಹಳೆಯವಕ್ಕೆ ಅದು ತಾನಾಗಿ ಅನ್ವಯಿಸುವುದಿಲ್ಲ. ಟಿಕೆಟ್ ಕೊಳ್ಳುವಾಗ 'ನಿಮ್ಮ ಹೆಲಿಕಾಪ್ಟರಿನಲ್ಲಿ ಬಡಿತ ತಡೆಯುವ ಇಂಧನ ಟ್ಯಾಂಕ್ ಅಳವಡಿಸಿದೆಯೇ' ಎಂದು ನೇರವಾಗಿ ಕೇಳಿ. ಒಳ್ಳೆಯ ಕಂಪನಿ ತಡವರಿಸದೆ ಉತ್ತರಿಸುತ್ತದೆ.

ಸೌತ್ ರಿಮ್ ನೋಡಬೇಕಾದರೆ ಹೊರಡುವುದು ಟೂಸಾಯನ್ ಊರಿನ ನಿಲ್ದಾಣದಿಂದ. ನಿಲ್ದಾಣವೇ ಸಮುದ್ರಮಟ್ಟದಿಂದ 6,609 ಅಡಿ ಮೇಲಿದೆ. ಇಲ್ಲಿ ಮೊದಲ ಕೆಲಸ ತಕ್ಕಡಿ ಹತ್ತುವುದು, ಬಟ್ಟೆ-ಬ್ಯಾಗು ಸಮೇತ. ನಾಚಿಕೊಂಡು ತೂಕ ಕಡಿಮೆ ಹೇಳಿದರೆ ಪ್ರಯೋಜನವಿಲ್ಲ. ಲೆಕ್ಕ ಹೀಗೆ: ಆ ಎತ್ತರದಲ್ಲಿ 'ಪ್ರಮಾಣ' ಉಷ್ಣತೆ, ಅಂದರೆ ವಿಮಾನದ ಲೆಕ್ಕಕ್ಕೆ ಮಾದರಿಯಾಗಿ ಹಿಡಿಯುವ ಉಷ್ಣತೆ, 2 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಜುಲೈ ಮಧ್ಯಾಹ್ನ 30 ಡಿಗ್ರಿ ಇದ್ದರೆ ವ್ಯತ್ಯಾಸ 28. ಪ್ರತಿ ಡಿಗ್ರಿಗೆ 120 ಅಡಿಯಂತೆ ನಿಲ್ದಾಣದ ಎತ್ತರಕ್ಕೆ ಸೇರಿಸಿದರೆ ರೆಕ್ಕೆಗಳ ಪಾಲಿಗೆ ಆ ರನ್‌ವೇ ಇರುವುದು ಹತ್ತು ಸಾವಿರ ಅಡಿ ಎತ್ತರದಲ್ಲಿ! ಗಾಳಿ ತೆಳು, ಎಂಜಿನ್ನಿಗೆ ಬಲ ಕಡಿಮೆ, ಎತ್ತುವ ಶಕ್ತಿ ಕಡಿಮೆ. ಅದಕ್ಕೇ ಮಧ್ಯಾಹ್ನದ ಹಾರಾಟದಲ್ಲಿ ಕೆಲವೊಮ್ಮೆ ಒಂದು ಸೀಟು ಖಾಲಿ ಬಿಡುತ್ತಾರೆ. 300 ಪೌಂಡ್, ಅಂದರೆ ಸುಮಾರು 136 ಕೆ.ಜಿ. ಮೀರಿದವರಿಗೆ ಎರಡು ಸೀಟಿನ ದುಡ್ಡು ಕೇಳುವುದು ರೂಢಿ. ಯಾರು ಎಲ್ಲಿ ಕೂರಬೇಕೆಂಬುದೂ ತೂಕದ ಸಮತೋಲದ ಪ್ರಕಾರವೇ. ಗಂಡ-ಹೆಂಡತಿಯನ್ನು ಬೇರೆ ಬೇರೆ ಕೂರಿಸಿದರೆ ಜಗಳಕ್ಕೆ ಹೋಗಬೇಡಿ.

ಇಲ್ಲಿ ಹೆಚ್ಚು ಕಾಣುವ ಇಸಿ130 ಹೆಲಿಕಾಪ್ಟರಿನಲ್ಲಿ ಮುಂದೆ ಪೈಲಟ್ ಜತೆ ಇಬ್ಬರು, ಹಿಂದೆ ನಾಲ್ವರು. ಇದರ ಬಾಲ ಗಮನಿಸಿ. ಬಾಲದ ಪಂಖ ಬಯಲಲ್ಲಿ ತಿರುಗದೆ ಒಂದು ಉಂಗುರದೊಳಗೆ ಅಡಗಿದೆ. ಅದರ ಅಲಗುಗಳ ನಡುವಿನ ಅಂತರ ಸಮನಾಗಿಲ್ಲ. ಸಮ ಅಂತರವಿದ್ದರೆ ಒಂದೇ ಶ್ರುತಿಯ ಕೀರಲು ಸದ್ದು ಹುಟ್ಟಿ ದೂರ ಹೋಗುತ್ತದೆ. ಅಂತರ ಬೇರೆ ಬೇರೆಯಾದರೆ ಅದೇ ಸದ್ದು ಹಲವು ಶ್ರುತಿಗಳಲ್ಲಿ ಹಂಚಿಹೋಗಿ ಕಿವಿಗೆ ಅಷ್ಟು ಚುಚ್ಚುವುದಿಲ್ಲ. ಇಂಥವನ್ನು 'ಸದ್ದು ಕಡಿಮೆಯ ತಂತ್ರಜ್ಞಾನ' ಎಂದು ಎಫ್‌ಎಎ ಗುರುತಿಸುತ್ತದೆ. ನಾಲ್ಕು ಅಲಗಿನ, ನಿಧಾನ ತಿರುಗುವ ಪಂಖ ಹಾಕಿದ, ಕಿಟಕಿ ದೊಡ್ಡದು ಮಾಡಿದ 19 ಸೀಟಿನ ಟ್ವಿನ್ ಆಟರ್ ವಿಮಾನವೂ ಈ ಪಟ್ಟಿಯಲ್ಲಿದೆ. ವಿಮಾನವೆಂದರೆ ಕಡಿಮೆ ದುಡ್ಡು, ಹೆಚ್ಚು ಎತ್ತರ. ರೆಕ್ಕೆ ಮೇಲ್ಗಡೆ ಇರುವುದರಿಂದ ನೋಟಕ್ಕೆ ಅಡ್ಡಿಯಿಲ್ಲ.

ಟೂಸಾಯನ್‌ನಿಂದ ಮೇಲೆದ್ದರೆ ಮೊದಲ ಕೆಲವು ನಿಮಿಷ ಪಾಂಡರೋಸಾ ಪೈನ್ ಕಾಡು ಬಿಟ್ಟರೆ ಏನೂ ಇಲ್ಲ. ಆಮೇಲೆ ಕಾಡು ಥಟ್ಟನೆ ಮುಗಿದು ನೆಲವೇ ಇಲ್ಲದಂತಾಗುತ್ತದೆ. 25-30 ನಿಮಿಷದ ಸಣ್ಣ ಹಾರಾಟ ಡ್ರ್ಯಾಗನ್ ಕಾರಿಡಾರ್ ಎಂಬ ಓಣಿಯಲ್ಲಿ ಹೋಗಿ ಬರುತ್ತದೆ. 45-50 ನಿಮಿಷದ್ದು ಪೂರ್ವದ ಝೂನಿ ಪಾಯಿಂಟ್ ಕಾರಿಡಾರ್ ಹಿಡಿದು ಉತ್ತರಕ್ಕೆ ಹೋಗಿ, ನಾರ್ತ್ ರಿಮ್‌ನ ಕಾಡು ದಾಟಿ, ಡ್ರ್ಯಾಗನ್ ಓಣಿಯಲ್ಲಿ ಮರಳುತ್ತದೆ. ದುಡ್ಡಿದ್ದರೆ ಎರಡನೆಯದೇ ಸರಿ. ಎರಡೂ ಓಣಿಗಳಲ್ಲಿ ಪ್ರವಾಸಿ ಹಾರಾಟಕ್ಕೆ ಕನಿಷ್ಠ ಎತ್ತರ ಸಮುದ್ರಮಟ್ಟದಿಂದ 7,500 ಅಡಿ. ಕಮರಿಯ ನಡುಭಾಗದಲ್ಲಿ ನದಿ ಇರುವುದು 2,400 ಅಡಿಯ ಆಸುಪಾಸಿನಲ್ಲಿ. ಎಂದರೆ ನದಿಗೂ ನಿಮಗೂ ಒಂದೂವರೆ ಕಿಲೋಮೀಟರ್ ಅಂತರ. ಕರಪತ್ರದ ಚಿತ್ರದಲ್ಲಿ ಗೋಡೆಗಳ ನಡುವೆ ನುಗ್ಗುವ ಹೆಲಿಕಾಪ್ಟರ್ ಇದ್ದರೆ ಅದು ಪಶ್ಚಿಮದ ಬುಡಕಟ್ಟು ನೆಲದ್ದು, ಉದ್ಯಾನದ್ದಲ್ಲ.

ಪೂರ್ವದ ದಾರಿಯಲ್ಲಿ ಲಿಟ್ಲ್ ಕೊಲರಾಡೊ ಬಂದು ಸೇರುವ ಸಂಗಮ ಸಿಗುತ್ತದೆ. ಮಳೆಯ ಕೆಸರಿಲ್ಲದ ದಿನಗಳಲ್ಲಿ ಉಪನದಿ ಹಾಲು ಬೆರೆಸಿದ ನೀಲಿ. ಹೋಪಿ ಜನ ಈ ಲೋಕಕ್ಕೆ ಹೊರಬಂದ ಸ್ಥಳವೆಂದು ನಂಬುವ ಸಿಪಾಪುನಿ ಈ ಉಪನದಿಯ ಕಂದರದಲ್ಲಿದೆ. ನವಾಹೊ, ಝೂನಿ ಜನಕ್ಕೂ ಈ ಜಾಗ ಪವಿತ್ರ. ಹೆಡ್‌ಸೆಟ್ಟಿನ ಧ್ವನಿಮುದ್ರಿತ ವಿವರಣೆಯಲ್ಲಿ ಅದು ಬಂದರೂ ಒಂದು ಸಾಲಿನಲ್ಲಿ ಮುಗಿಯುತ್ತದೆ.

ಸಂಗಮದ ಪಕ್ಕದ ಗುಡ್ಡಗಳಲ್ಲೇ ಅಮೆರಿಕದ ವಿಮಾನ ಕಾನೂನಿನ ದೊಡ್ಡ ತಿರುವು ಇದೆ. 1956ರ ಜೂನ್ 30ರಂದು ಲಾಸ್ ಏಂಜಲಿಸ್‌ನಿಂದ ಮೂರು ನಿಮಿಷದ ಅಂತರದಲ್ಲಿ ಹೊರಟ ಎರಡು ಪ್ರಯಾಣಿಕ ವಿಮಾನಗಳು 21,000 ಅಡಿಯಲ್ಲಿ ಡಿಕ್ಕಿಯಾಗಿ 128 ಜನ ಸತ್ತರು. ಅದರ ಬೆನ್ನಿಗೇ 1958ರ ಕಾನೂನು, ಅದರಿಂದ ಎಫ್‌ಎಎ. ಆದರೆ ಪ್ರವಾಸಿ ಹಾರಾಟ ಇನ್ನೂ ಮೂವತ್ತು ವರ್ಷ ಹೆಚ್ಚುಕಡಿಮೆ ಇಷ್ಟಬಂದಂತೆ ನಡೆಯಿತು, ಅಂಚಿನ ಕೆಳಗೂ. 1986ರ ಜೂನ್ 18ರಂದು ನದಿಯ ರಭಸದ ಹರಿವಾದ ಕ್ರಿಸ್ಟಲ್ ರ‍್ಯಾಪಿಡ್ ಬಳಿ ಟ್ವಿನ್ ಆಟರ್ ಮತ್ತು ಹೆಲಿಕಾಪ್ಟರ್ ಡಿಕ್ಕಿಯಾಗಿ 25 ಜನ ಹೋದರು. ಮರುವರ್ಷವೇ ಸಂಸತ್ತು ಕಾನೂನು ಮಾಡಿತು; 1988ರಲ್ಲಿ ಹಾರಾಟ ನಿಷಿದ್ಧ ವಲಯಗಳು, ಅವುಗಳ ನಡುವೆ ಓಣಿಗಳು, ವಿಮಾನಕ್ಕೊಂದು ಹೆಲಿಕಾಪ್ಟರಿಗೊಂದು ಎತ್ತರ ಗೊತ್ತಾದವು. ಮರಳುವಾಗ ಡ್ರ್ಯಾಗನ್ ಓಣಿಯಲ್ಲಿ ಎದುರಿನಿಂದ ಏನೂ ನಿಮ್ಮ ದಾರಿಗೆ ಅಡ್ಡ ಬರದಿರುವುದಕ್ಕೆ ಈ ಶಿಸ್ತೇ ಕಾರಣ. ನಾರ್ತ್ ರಿಮ್ 8,000 ಅಡಿಗೂ ಮೇಲಿರುವುದರಿಂದ ಅಲ್ಲಿ ಏರಿ ದಾಟಬೇಕು. 2025ರ ಜುಲೈಯಲ್ಲಿ ಎದ್ದು ಅಲ್ಲಿನ ಹಳೆಯ ಲಾಡ್ಜನ್ನೂ ಸುಟ್ಟ ಬೆಂಕಿಯ ಕರಿ ಕಲೆ ಇರುವುದು ಆ ಕಡೆಯೇ.

ಬೆಳಿಗ್ಗೆ ಹಾರುವುದೇ ಲೇಸು. ಬಿಸಿಲೇರಿದಂತೆ ಬಂಡೆ ಕಾದು ಗಾಳಿ ಕುದಿಯುತ್ತದೆ, ಹೊಟ್ಟೆ ತೊಳಸುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಗುಡುಗು-ಮಿಂಚು ಹೆಚ್ಚು. ರದ್ದಾದರೆ ಮರುದಿನ ಹಾರಲು ಅವಕಾಶವಿರಲಿ, ಹಾರಾಟವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ತಲೆಸುತ್ತಿನ ಮಾತ್ರೆಯನ್ನು ಹತ್ತುವ ಅರ್ಧ-ಮುಕ್ಕಾಲು ಗಂಟೆ ಮೊದಲೇ ನುಂಗಿ. ಬಿಳಿ ಅಂಗಿ ಬೇಡ. ಕಿಟಕಿಯ ಗಾಜಿನಲ್ಲಿ ನಿಮ್ಮ ಅಂಗಿಯೇ ಪ್ರತಿಫಲಿಸಿ ಫೋಟೊದಲ್ಲಿ ಕಮರಿಯ ಮೇಲೆ ಮಂಜಿನಂತೆ ಕೂರುತ್ತದೆ. ಕಪ್ಪು ಅಥವಾ ಗಾಢ ಬಣ್ಣ ಹಾಕಿ, ಲೆನ್ಸನ್ನು ಗಾಜಿಗೆ ತಾಗಿಸದೆ ಹತ್ತಿರ ಹಿಡಿಯಿರಿ. ತಾಗಿಸಿದರೆ ಎಂಜಿನ್ನಿನ ನಡುಕವೂ ಚಿತ್ರದಲ್ಲಿ ಬರುತ್ತದೆ.

ಹಾರಿ ಬಂದ ದಿನವೇ ಸಂಜೆ ಒಂದು ಕೆಲಸ ಮಾಡಿ. ಟೂಸಾಯನ್‌ನಿಂದ ಹತ್ತು ಕಿ.ಮೀ. ದೂರದ ಸೌತ್ ರಿಮ್ ಹಳ್ಳಿಗೆ ಹೋಗಿ, ಹರ್ಮಿಟ್ ರಸ್ತೆಯ ಬಸ್ ಹತ್ತಿ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿ ಖಾಸಗಿ ವಾಹನ ಬಿಡುವುದಿಲ್ಲ. ಹಳ್ಳಿಯ ಮುಂದೆ ನಿಂತರೆ ಹೆಲಿಕಾಪ್ಟರ್ ಸದ್ದು ಇಲ್ಲವೇ ಇಲ್ಲವೆನ್ನಬೇಕು, ಅದು ಬ್ರೈಟ್ ಏಂಜಲ್ ನಿಷಿದ್ಧ ವಲಯ. ಹನ್ನೊಂದು ಕಿ.ಮೀ. ಪಶ್ಚಿಮಕ್ಕೆ ಹರ್ಮಿಟ್ಸ್ ರೆಸ್ಟ್‌ನಲ್ಲಿ ಇಳಿದರೆ ಕಿವಿಗೆ ಬೀಳುತ್ತದೆ, ಡ್ರ್ಯಾಗನ್ ಓಣಿ ಪಕ್ಕದಲ್ಲೇ ಇದೆ. ಮರುಭೂಮಿಯಲ್ಲಿ ಹಿನ್ನೆಲೆ ಸದ್ದೇ ಇಲ್ಲದಿರುವುದರಿಂದ ಕಾಣದಷ್ಟು ದೂರದ ಹೆಲಿಕಾಪ್ಟರೂ ಕೇಳುತ್ತದೆ, ಬಂಡೆಗೋಡೆ ಅದನ್ನು ಇನ್ನೊಮ್ಮೆ ಹೇಳುತ್ತದೆ. ಇನ್ನೂ ಪಶ್ಚಿಮಕ್ಕೆ, ಕಮರಿಯೊಳಗಿನ ಸುಪಾಯ್ ಹಳ್ಳಿಯ ಹವಸುಪಾಯ್ ಜನಕ್ಕೆ ಹೆಲಿಕಾಪ್ಟರಿನ ಅರ್ಥವೇ ಬೇರೆ. ಅವರಿಗೆ ರಸ್ತೆಯಿಲ್ಲ, ಟಪಾಲು ಈಗಲೂ ಹೇಸರಗತ್ತೆಯ ಬೆನ್ನ ಮೇಲೆ ಇಳಿಯುತ್ತದೆ. ಕಾಯಿಲೆಯವರನ್ನು ಬೇಗ ಮೇಲೆ ತರುವುದು ಹೆಲಿಕಾಪ್ಟರೇ.

ಡ್ರ್ಯಾಗನ್, ಝೂನಿ ಓಣಿಗಳಿಗೆ ಕರ್ಫ್ಯೂ ಇದೆ: ಮೇಯಿಂದ ಸೆಪ್ಟೆಂಬರ್‌ವರೆಗೆ ಸಂಜೆ 6ರಿಂದ ಬೆಳಿಗ್ಗೆ 8, ಉಳಿದ ತಿಂಗಳು ಸಂಜೆ 5ರಿಂದ ಬೆಳಿಗ್ಗೆ 9. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಲ್ಲಿಸಿದ್ದನ್ನು ಕಂಡವರಿಗೆ ಇದು ಹೊಸದೆನಿಸದು. 1987ರ ಕಾನೂನು ಕೇಳಿದ್ದು 'ಸಹಜ ನಿಶ್ಶಬ್ದವನ್ನು ಗಣನೀಯವಾಗಿ ಮರಳಿಸಬೇಕು' ಎಂದು. ಗಣನೀಯ ಅಂದರೆ ಎಷ್ಟು ಎಂದು ಕಾಲು ಶತಮಾನ ಜಗ್ಗಾಟ ನಡೆದು, 2012ರಲ್ಲಿ ಸಂಸತ್ತೇ ಅಳತೆ ಬರೆದುಕೊಟ್ಟಿತು: ದಿನದ ಮುಕ್ಕಾಲು ಹೊತ್ತು ಉದ್ಯಾನದ ಅರ್ಧ ಭಾಗಕ್ಕೆ, ಕೋಟಾ (ವರ್ಷದ ಮಿತಿಯಲ್ಲಿ ಪಾಲು) ಪಡೆದ ಪ್ರವಾಸಿ ವಿಮಾನಗಳ ಸದ್ದು ಬೀಳದಿದ್ದರೆ ಸಾಕು. ಕೋಟಾ ಬೇಡದ ಪಶ್ಚಿಮದ ಹಾರಾಟ ಆ ಲೆಕ್ಕದಲ್ಲಿಲ್ಲ. ಮೇಲೆ ಮೂವತ್ತು ಸಾವಿರ ಅಡಿಯಲ್ಲಿ ಸಾಗುವ ಜೆಟ್‌ಗಳೂ ಇಲ್ಲ.

ಹರ್ಮಿಟ್ಸ್ ರೆಸ್ಟ್‌ನ ಕಲ್ಲುಕಟ್ಟೆಯ ಮೇಲೆ ಬೇಸಿಗೆಯ ಸಂಜೆ 6 ದಾಟುವವರೆಗೆ ಕೂತಿರಿ. ಹೆಲಿಕಾಪ್ಟರ್ ನಿಂತ ಮೇಲೆ ಉಳಿಯುವ ಗುಂಯ್‌ಗುಡುವ ಸದ್ದು ಆ ಜೆಟ್‌ಗಳದ್ದು. ವಾಪಸಿನ ಕೊನೆಯ ಬಸ್ಸಿನ ಹೊತ್ತನ್ನು ಮಾತ್ರ ಇಳಿದಾಗಲೇ ನಿಲ್ದಾಣದ ಫಲಕದಲ್ಲಿ ನೋಡಿಟ್ಟುಕೊಂಡಿರಿ. ತಪ್ಪಿದರೆ ಹನ್ನೊಂದು ಕಿ.ಮೀ. ನಡಿಗೆ, ಕತ್ತಲಲ್ಲಿ.