ಮೇಷ್ಟ್ರು ಹೇಳಿದ ಅಲಿಸಿಯಾ

ನಮ್ಮ ಗಣಿತದ ಮೇಷ್ಟ್ರು ಈ ಬೇಸಿಗೆಯಲ್ಲಿ ತೀರಿಕೊಂಡರು. ಹತ್ತನೇ ತರಗತಿಯ ಪಾಠಗಳೆಲ್ಲ ಮರೆತುಹೋಗಿವೆ. ಗಣಿತಜ್ಞೆ ಅಲಿಸಿಯಾ ಬೂಲ್ ಸ್ಟಾಟ್ ಮಾತ್ರ ಚೆನ್ನಾಗಿ ನೆನಪಿದ್ದಾರೆ. ಅವರು ನಮ್ಮ ಪಠ್ಯದಲ್ಲಿ ಇರಲೇ ಇಲ್ಲ!

ನಮ್ಮದು ಹೆಣ್ಣುಮಕ್ಕಳ ಹೈಸ್ಕೂಲು. "ಲೆಕ್ಕ ನಮಗೆ ಹತ್ತಲ್ಲ ಸಾರ್" ಎಂದು ಯಾರಾದರೂ ಗೊಣಗಿದರೆ ಸಾಕು, ಮೇಷ್ಟ್ರು ಆಕೆಯ ಕತೆ ತೆಗೆಯುತ್ತಿದ್ದರು. 1860ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಹುಟ್ಟಿದವರು. ತಂದೆ ಜಾರ್ಜ್ ಬೂಲ್, ಇಂದಿನ ಕಂಪ್ಯೂಟರುಗಳ ತರ್ಕಕ್ಕೆ ಬುನಾದಿ ಹಾಕಿದವರು. ಮಗಳಿಗೆ ನಾಲ್ಕು ವರ್ಷವಾಗಿದ್ದಾಗಲೇ ಹೋಗಿಬಿಟ್ಟರು. ತಾಯಿ ಮೇರಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟರ ಸೋದರನ ಮಗಳು. ಶಿಖರಕ್ಕೆ ಹೆಸರಿಟ್ಟಿದ್ದಾರಲ್ಲ, ಅದೇ ಎವರೆಸ್ಟ್.

ಅಲಿಸಿಯಾ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಆದರೂ ಉದ್ದ, ಅಗಲ, ಎತ್ತರಗಳ ಆಚೆಗಿನ ನಾಲ್ಕನೇ ಆಯಾಮದ ಆಕೃತಿಗಳು ಆಕೆಯ ಮನಸ್ಸಿಗೆ ಕಾಣುತ್ತಿದ್ದವು. ನಮ್ಮ ಮೂರು ಆಯಾಮಗಳಲ್ಲಿ ಎಲ್ಲ ಮುಖವೂ ಒಂದೇ ತೆರನಾದ ನಿಯತ ಘನಾಕೃತಿಗಳು 5. ನಾಲ್ಕರಲ್ಲಿ 6 ಎಂದು ಆಕೆ ಸ್ವಂತವಾಗಿ ಕಂಡುಕೊಂಡರು. ಸೌತೆಕಾಯಿ ಹೆಚ್ಚಿದ ಹಾಗೆ ಆ ಆಕೃತಿಗಳನ್ನು ಮನಸ್ಸಿನಲ್ಲೇ ಹೋಳು ಮಾಡಿ, ಒಂದೊಂದು ಹೋಳನ್ನೂ ರಟ್ಟಿನಲ್ಲಿ ಕಟ್ಟಿದರು. ಮನೆ, ಇಬ್ಬರು ಮಕ್ಕಳು, ಅದರ ನಡುವೆ ಈ ಕೆಲಸ! ಮಾದರಿಗಳ ಫೋಟೋ ನೋಡಿದ ನೆದರ್ಲೆಂಡ್ಸಿನ ಗಣಿತ ಪ್ರೊಫೆಸರ್ ಸ್ಕೌಟೆ ಇಂಗ್ಲೆಂಡಿಗೇ ಬಂದು ಅವರ ಜೊತೆ ಕೆಲಸ ಮಾಡಿದರು. 1914ರಲ್ಲಿ ನೆದರ್ಲೆಂಡ್ಸಿನ ಖ್ರೋನಿಂಗನ್ ವಿಶ್ವವಿದ್ಯಾಲಯ ಅಲಿಸಿಯಾಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಮೇಷ್ಟ್ರು ನಮ್ಮ ಕೈಗೂ ಕತ್ತರಿ, ಅಂಟು ಕೊಟ್ಟರು. ಹಳೆ ಮದುವೆ ಕಾಗದಗಳಿಂದ 20 ಮುಖದ ಘನಾಕೃತಿ ಮಾಡಿದೆವು. ಮುಖಕ್ಕೊಂದು ರೋಲ್ ನಂಬರ್ ಬರೆದು ಮೇಷ್ಟ್ರು ಅದನ್ನು ಉರುಳಿಸುತ್ತಿದ್ದರು. ಮೇಲೆ ಬಂದ ನಂಬರಿನವಳು ಬೋರ್ಡಿಗೆ! ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾವು ಹಿಂದಿನ ಬೆಂಚಿನವರು ಎಂಟು ಮುಖಗಳ ಮೇಲೆ ಕ್ಲಾಸ್ ಲೀಡರಿನ ನಂಬರ್ ಅಂಟಿಸಿಬಿಟ್ಟೆವು. ಪಾಪ, ಅವಳು ಬೋರ್ಡಿನ ಹತ್ತಿರವೇ ನಿಂತಿರಬೇಕಾಯಿತು. ಮೇಷ್ಟ್ರು ಘನಾಕೃತಿಯನ್ನು ತಿರುಗಿಸಿ ನೋಡಿದರು. ಬೈಯಲಿಲ್ಲ. "ಇವಳ ನಂಬರ್ ಬೀಳುವ ಸಂಭವನೀಯತೆ ಎಷ್ಟು?" ಎಂದು ಕೇಳಿದರು. ಇಪ್ಪತ್ತರಲ್ಲಿ ಎಂಟು ಎಂದು ಮೊದಲು ಹೇಳಿದವಳು ನಾನೇ.

ಇವತ್ತು ನಾನು ಸೇತುವೆಗಳನ್ನು ವಿನ್ಯಾಸ ಮಾಡುವ ಎಂಜಿನಿಯರ್. ನಮ್ಮ ತಂಡದಲ್ಲಿ ಡ್ರಾಯಿಂಗ್ ನೋಡಿದ ಕೂಡಲೇ ಆಕಾರ ಹಿಡಿಯುವವಳು ಎಂಬ ಹೆಸರು ನನಗಿದೆ. ಅದು ಆ ರಟ್ಟಿನಿಂದ ಬಂದದ್ದು. ಈಗಿನ ಮಕ್ಕಳಿಗೆ ಪ್ರಾಜೆಕ್ಟ್ ಮಾದರಿಗಳು ಅಂಗಡಿಯಲ್ಲೇ ರೆಡಿ ಸಿಗುತ್ತವೆ. ಅಂಕವೂ ಬರುತ್ತದೆ. ಆದರೆ ಕೈಗೆ ಏನು ಕಲಿತ ಹಾಗಾಯಿತು?

ಮೇಷ್ಟ್ರ ಹೆಸರಿನಲ್ಲಿ ಶಾಲೆಯಲ್ಲಿ ಬಹುಮಾನ ಇಡುವ ಮಾತು ನಡೆದಿದೆ. ನನ್ನ ಪಾಲು ಖಂಡಿತ ಕೊಡುತ್ತೇನೆ. ಅದು ಜಾಸ್ತಿ ಅಂಕ ತೆಗೆದವಳಿಗೆ ಬೇಡ. ತಾನೇ ಕತ್ತರಿಸಿ, ಅಂಟಿಸಿ ಒಂದು ಘನಾಕೃತಿ ತಂದವಳಿಗೆ ಸಿಗಲಿ.