ಮೂರನೆಯ ಮನೆಯ ಬಾಡಿಗೆ

ಕಲಬುರಗಿ, 8 ಜೂನ್ 2025, ಭಾನುವಾರ

ಬೆಳಿಗ್ಗೆ ಮನೆಯ ಮಾಲೀಕರು ಹೊಸ ಕರಾರುಪತ್ರ ಕೊಟ್ಟು ಹೋದರು. ಎಂದಿನಂತೆ 11 ತಿಂಗಳದ್ದು. ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುವುದರಿಂದ ನಮ್ಮಂಥವರ ಬದುಕೆಲ್ಲ 11 ತಿಂಗಳ ಲೆಕ್ಕದಲ್ಲಿಯೇ ಸಾಗುತ್ತದೆ. ಬಾಡಿಗೆ 7,500ರಿಂದ 9,000 ರೂಪಾಯಿಗೆ ಏರಿದೆ. "ಮಾಸ್ತರ್ರೇ, ನಾನೂ ಬ್ಯಾಂಕಿಗಿ ಕಂತು ಕಟ್ಟಬೇಕಲ್ರಿ" ಎಂದರು. ಅವರು ಒಳ್ಳೆಯವರು. ಆದರೆ ಇದು ಅವರ ಮೂರನೆಯ ಮನೆ.

ಮೂರು ವರ್ಷದ ಹಿಂದೆ ಇದೇ ಮನೆಯನ್ನು ಕೊಳ್ಳಲು ನಾನೂ ಓಡಾಡಿದ್ದೆ. ಬೆಲೆ 40 ಲಕ್ಷ. ಅಷ್ಟು ಬೆಲೆಯ ಮನೆಗೆ ಬ್ಯಾಂಕು ಶೇಕಡ 80ರಷ್ಟು ಸಾಲ ಕೊಟ್ಟರೂ 8 ಲಕ್ಷ ಕೈಯಿಂದ ಹಾಕಬೇಕು; ಮುದ್ರಾಂಕ ಮತ್ತು ನೋಂದಣಿ ಶುಲ್ಕ ಬೇರೆ. ನಾನು ಆ ಹಣ ಹೊಂದಿಸುವಷ್ಟರಲ್ಲಿ, ತಮ್ಮ ಮೊದಲಿನ ಮನೆಯನ್ನು ಅಡವಿಟ್ಟು ಇವರು ವ್ಯವಹಾರ ಮುಗಿಸಿಬಿಟ್ಟರು. ಮನೆ ಕೊಳ್ಳಬೇಕೆಂದಿದ್ದವನು ಅದೇ ಮನೆಗೆ ಬಾಡಿಗೆದಾರನಾದೆ. ನನ್ನಂಥವರು ಹೀಗೆ ಬಾಡಿಗೆಯ ಸಾಲಿನಲ್ಲಿಯೇ ಉಳಿದಷ್ಟೂ ಆ ಸಾಲು ಬೆಳೆಯುತ್ತದೆ. ಹೈಕೋರ್ಟ್ ಪೀಠ, ವೈದ್ಯಕೀಯ ಕಾಲೇಜುಗಳು, ವಿಶ್ವವಿದ್ಯಾಲಯಗಳು ಎಂದು ಹೊರಗಿನಿಂದ ಬರುವವರೂ ಅದೇ ಸಾಲಿಗೆ ಸೇರುತ್ತಾರೆ.

ರಾತ್ರಿ ಕುಳಿತು ಲೆಕ್ಕ ಹಾಕಿದೆ. 32 ಲಕ್ಷ ಸಾಲಕ್ಕೆ ಶೇಕಡ 8.5ರ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 27,800 ರೂಪಾಯಿ. ನನ್ನ ಬಾಡಿಗೆ ಅದರ ಮೂರನೆಯ ಒಂದು ಪಾಲೂ ಆಗದು. ವರ್ಷದ ಬಾಡಿಗೆ ಮನೆಯ ಬೆಲೆಯ ಶೇಕಡ 2.7 ಮಾತ್ರ. ಹಾಗಾದರೆ ಅವರು ನಂಬಿರುವುದು ನನ್ನ ಬಾಡಿಗೆಯನ್ನಲ್ಲ, ಜಾಗದ ಬೆಲೆ ಏರುವುದನ್ನು. ಬಾಡಿಗೆ ಹೆಚ್ಚುವುದು ಕಂತಿನ ಭಾರದಿಂದಲ್ಲ, ನನಗೆ ಬೇರೆ ಮನೆ ಸಿಗುವುದಿಲ್ಲವೆಂಬುದರಿಂದ. ಬೆಲೆ ಏರಲೆಂದೇ ಕೊಂಡವರಿಗೆ ಬಾಡಿಗೆದಾರನೂ ಬೇಕಾಗಿಲ್ಲ: ಎದುರಿನ ಮನೆಯ ಬೀಗ ತುಕ್ಕು ಹಿಡಿದಿದೆ, ಅಂಗಳದ ಶಹಾಬಾದ್ ಫರಸಿಯ ಸಂದಿಯಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿದೆ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. ಖಾಲಿ ನಿವೇಶನದಲ್ಲಿ ಹೊಸದಾಗಿ ಕಟ್ಟಿ ಬಾಡಿಗೆಗೆ ಕೊಡುವವರನ್ನು ನಾನು ದೂರುವುದಿಲ್ಲ, ಅವರಿಂದ ಊರಿಗೆ ಒಂದು ಮನೆ ಹೆಚ್ಚುತ್ತದೆ. ಇದ್ದ ಮನೆಯನ್ನೇ ಕೊಂಡಾಗ ಕೈ ಬದಲಾಗುವುದಷ್ಟೇ.

ತೆರಿಗೆಯ ವಿಷಯದಲ್ಲಿಯೂ ತಕ್ಕಡಿ ಸಮವಿಲ್ಲ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಸಂಬಳದಾರನಿಗೆ ಮನೆಬಾಡಿಗೆ ಭತ್ಯೆಯ ವಿನಾಯಿತಿ ಸಿಗುವುದಿಲ್ಲ. ಮಾಲೀಕರಿಗೆ ಮಾತ್ರ, ರಿಪೇರಿ ಮಾಡಿಸಲಿ ಬಿಡಲಿ, ಪಾಲಿಕೆಯ ತೆರಿಗೆ ಕಳೆದುಳಿದ ಬಾಡಿಗೆಯಲ್ಲಿ ಶೇಕಡ 30ರಷ್ಟಕ್ಕೆ ಆದಾಯ ತೆರಿಗೆಯೇ ಇಲ್ಲ.

ಅಡುಗೆಮನೆಯ ಗೋಡೆ ಎರಡು ಮಳೆಗಾಲದಿಂದ ಸೋರುತ್ತಿದೆ. ಕೈಯಿಟ್ಟರೆ ಸುಣ್ಣ ಹಸಿಯಾಗಿ ಉದುರುತ್ತದೆ. ಮಳೆ ಜೋರಾಗುವ ಮೊದಲು ಅದನ್ನು ಸರಿಪಡಿಸಬೇಕೆಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಿ ಬರೆದಿದ್ದೇನೆ. ಸಹಿ ಇನ್ನೂ ಹಾಕಿಲ್ಲ; ನಾಳೆ ಸಂಜೆ ಶಾಲೆಯಿಂದ ನೇರವಾಗಿ ಅವರ ಮನೆಗೆ ಹೋಗುತ್ತೇನೆ.