ಬಂಗಾಯ್ ಕಾರ್ಡಿನಲ್: ಸಮುದ್ರದಲ್ಲಿ ಹಿಡಿದದ್ದು ಬೇಡ, ತೊಟ್ಟಿಯಲ್ಲಿ ಹುಟ್ಟಿದ್ದು ಕೇಳಿ

ಬೆಳ್ಳಿ ಮೈ, ಅಡ್ಡಕ್ಕೆ ಕಪ್ಪು ಪಟ್ಟೆ, ರೆಕ್ಕೆ ತುಂಬ ಬಿಳಿ ಚುಕ್ಕೆ. ಎಂಟು ಸೆಂಟಿಮೀಟರ್ ದಾಟದ ಈ ಮೀನಿನ ಮೂಲ ನೆಲೆ ಇಂಡೊನೇಷ್ಯಾದ ಸುಲಾವೆಸಿ ಪಕ್ಕದ ಬಂಗಾಯ್ ದ್ವೀಪಗಳು. 1990ರ ದಶಕದ ನಡುವೆ ಅಕ್ವೇರಿಯಂ ವ್ಯಾಪಾರಕ್ಕೆ ಸಿಕ್ಕಿತು. 2000ರ ನಂತರದ ಮೊದಲ ವರ್ಷಗಳಲ್ಲಿ ವರ್ಷಕ್ಕೆ 7ರಿಂದ 9 ಲಕ್ಷ ಮೀನು ಹಿಡಿಯುತ್ತಿದ್ದರೆಂದು ಅಂದಾಜು. 2007ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿತು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ತರುವ ಪ್ರಯತ್ನ ಅದೇ ವರ್ಷವೂ 2016ರಲ್ಲೂ ಕೈಗೂಡಲಿಲ್ಲ.

ಬಹುತೇಕ ಸಮುದ್ರ ಮೀನುಗಳ ಮರಿ ಪ್ರವಾಹದಲ್ಲಿ ತೇಲಿ ದೂರದ ಹವಳದಿಬ್ಬ ಸೇರುತ್ತವೆ. ಇದರದು ಹಾಗಲ್ಲ. ಗಂಡು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡಿ, ಹುಟ್ಟಿದ ಜಾಗದಲ್ಲೇ ಬಿಡುತ್ತದೆ. ಒಂದು ಕೊಲ್ಲಿ ಬರಿದಾದರೆ ಬೇರೆ ಕಡೆಯಿಂದ ಬಂದು ತುಂಬುವ ಮೀನಿಲ್ಲ. ಮರಿಗಳು ಅಡಗುವ ಉದ್ದ ಮುಳ್ಳಿನ ಉಂಡೆಯಂಥ ಸೀ ಅರ್ಚಿನ್‌ಗಳನ್ನೂ ಹೂವಿನಂತೆ ಕಾಣುವ ಕಡಲಜೀವಿ ಅನಿಮೋನಿಗಳನ್ನೂ ಜನ ಎತ್ತಿಕೊಂಡು ಹೋದದ್ದು ಇನ್ನೊಂದು ಪೆಟ್ಟು. ಆದರೆ ಅಲ್ಲಿ ಮುಳುವಾದ, ಬಾಯಲ್ಲೇ ಮರಿ ಮಾಡುವ ಆ ಗುಣವೇ ಹುಬ್ಬಳ್ಳಿಯ ಮನೆಯೊಳಗೆ ಇದರ ಮರಿ ಮಾಡಿಸುವುದನ್ನು ಸುಲಭ ಮಾಡುತ್ತದೆ. ಹಾಗಿರುವಾಗ ಹಿಡಿದ ಮೀನು ಕೊಳ್ಳಲು ನೆಪವೇ ಇಲ್ಲ.

ಅಂಗಡಿಯಲ್ಲಿ ನೇರವಾಗಿ ಕೇಳಿ: "ಅಣ್ಣಾ, ಇದು ಸಮುದ್ರದಾಗ ಹಿಡದದ್ದೋ, ತೊಟ್ಟ್ಯಾಗ ಬೆಳಸಿದ್ದೋ?" ಉತ್ತರ ನಂಬುವ ಮೊದಲು ಎದುರಿಗೇ ತಿಂಡಿ ಹಾಕಿಸಿ. ತೊಟ್ಟಿಯಲ್ಲಿ ಬೆಳೆದದ್ದು ಸಾಮಾನ್ಯವಾಗಿ ಫ್ರೋಜನ್ ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ), ಸಣ್ಣ ಪೆಲೆಟ್ (ಒಣ ತಿಂಡಿಯ ಗುಳಿಗೆ) ಹಿಡಿಯುತ್ತದೆ. ಹಿಡಿದು ತಂದದ್ದು ಮೂಸಿಯೂ ನೋಡದೆ ಮೂಲೆ ಸೇರುವುದೇ ಹೆಚ್ಚು. ಮೈ ಕಪ್ಪಾಗಿ, ಏದುಸಿರು ಬಿಡುತ್ತ, ಬಿಳಿ ದಾರದಂಥ ಮಲ ಹಾಕುವ ಮೀನು ಕೊಳ್ಳಲೇಬೇಡಿ. ಸಾಗಣೆಯ ಒತ್ತಡದಲ್ಲಿ ಹರಡುವ ಇರಿಡೋವೈರಸ್‌ಗೆ ಔಷಧಿಯಿಲ್ಲ. ಆರೋಗ್ಯವಾಗಿ ಕಂಡದ್ದನ್ನೂ 30 ದಿನ ಬೇರೆ ತೊಟ್ಟಿಯಲ್ಲಿಡಿ. ಅಲಂಕಾರಕ್ಕೆಂದು ನಿಜವಾದ ಹವಳ ಕೊಟ್ಟರೆ ಬೇಡವೆನ್ನಿ, ಅದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಜೋಡಿಗೆ 100 ಲೀಟರ್ ಸಾಕು. ನಲ್ಲಿ ನೀರು, ಬೋರ್ ನೀರು ಎರಡೂ ಬೇಡ, ಟಿಡಿಎಸ್ (ಕರಗಿದ ಲವಣಾಂಶ) ಸೊನ್ನೆಗೆ ಹತ್ತಿರವಿರುವ ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಸಮುದ್ರ ಉಪ್ಪು ಬೆರೆಸಿ, ಸಾಂದ್ರತೆ 1.025ಕ್ಕೆ ತನ್ನಿ. ಏಪ್ರಿಲ್-ಮೇನಲ್ಲಿ ನೀರು 30 ಡಿಗ್ರಿ ದಾಟದಂತೆ ಮೇಲ್ಮೈಗೆ ಸಣ್ಣ ಫ್ಯಾನ್ ಹಿಡಿಸಿ. ನಮ್ಮ ಒಣ ಹವೆಯಲ್ಲಿ ಇದು ಕರಾವಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆವಿಯಾದದ್ದಕ್ಕೆ ಬರೀ ಆರ್‌ಓ ನೀರು ಹಾಕಿ; ಉಪ್ಪುನೀರು ಹಾಕಿದರೆ ಸಾಂದ್ರತೆ ಏರುತ್ತಲೇ ಹೋಗುತ್ತದೆ. ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್ ಪಂಪ್ ಇರಲೇಬೇಕು.

ಗಂಡು-ಹೆಣ್ಣು ಕಣ್ಣಿಗೆ ಸುಲಭಕ್ಕೆ ತಿಳಿಯುವುದಿಲ್ಲ. ಐದಾರು ಎಳೆಯ ಮೀನು ಒಟ್ಟಿಗೆ ಬಿಟ್ಟು, ಎರಡು ಜೊತೆಯಾಗಿ ಉಳಿದವನ್ನು ಅಟ್ಟತೊಡಗಿದಾಗ ಆ ಉಳಿದವನ್ನು ತೆಗೆಯಿರಿ. ತಡಮಾಡಿದರೆ ಕಡಿದು ಕೊಲ್ಲುತ್ತವೆ. ಗದ್ದ ಉಬ್ಬಿ ತಿಂಡಿ ಬಿಟ್ಟಿದ್ದೇ ಬಾಯಲ್ಲಿ ಮೊಟ್ಟೆ ಇರುವ ಗಂಡು. ಮೊಟ್ಟೆ ಒಡೆಯಲು ಸುಮಾರು 20 ದಿನ, ಮೇಲೆ ವಾರ-ಹತ್ತು ದಿನ ಮರಿಗಳೂ ಬಾಯಲ್ಲೇ. ಈ ನಡುವೆ ಬಲೆ ಹಾಕಿ ಬೆದರಿಸಿದರೆ ನುಂಗಿಬಿಡುತ್ತದೆ. ಉಪವಾಸದಿಂದ ಬಡವಾದ ಗಂಡನ್ನು ಮರಿ ಬಿಟ್ಟ ಮೇಲೆ ಎರಡು-ಮೂರು ವಾರ ಹೆಣ್ಣಿನಿಂದ ದೂರವಿಟ್ಟು ಚೆನ್ನಾಗಿ ತಿನ್ನಿಸಿ.

ಮರಿಗಳಿಗೆ ಕೃತಕ ಅರ್ಚಿನ್ ಬೇಕು: ಅಕ್ವೇರಿಯಂ ಎಪಾಕ್ಸಿಯ ಉಂಡೆಗೆ ಕಪ್ಪು ಕೇಬಲ್ ಟೈಗಳನ್ನು ಒತ್ತೊತ್ತಾಗಿ ಚುಚ್ಚಿದರೆ ಆಯಿತು. ಮರಿ ಕೈತಪ್ಪುವುದು ಹೆಚ್ಚಾಗಿ ತಿಂಡಿಯಲ್ಲಿ. ಮೊಟ್ಟೆಯಿಂದ ಮನೆಯಲ್ಲೇ ಮರಿ ಮಾಡಿಸುವ ಪುಟ್ಟ ಉಪ್ಪುನೀರ ಸಿಗಡಿ ಆರ್ಟೀಮಿಯಾವನ್ನಷ್ಟೇ ತಿಂದ ಮೀನಿನ ಮರಿ ಕೆಲವು ವಾರ ಚೆನ್ನಾಗಿದ್ದು, ಒಂದು ಬೆಳಿಗ್ಗೆ ಲೈಟ್ ಹಾಕಿದ ತಕ್ಷಣ ಬೆದರಿ, ಗಿರಗಿರನೆ ತಿರುಗಿ ಸಾಯುತ್ತದೆ. ಕಾರಣ ಡಿಎಚ್‌ಎಯಂಥ ಕೊಬ್ಬಿನಾಮ್ಲಗಳ ಕೊರತೆ. ಆರ್ಟೀಮಿಯಾ ಮೊಟ್ಟೆ ಒಡೆದ ಕೂಡಲೇ ಪೋಷಕಾಂಶ ಹಾಕಿ ಪ್ರಯೋಜನವಿಲ್ಲ, ಅದಕ್ಕೆ ಆಗ ಬಾಯಿಯೇ ತೆರೆದಿರುವುದಿಲ್ಲ. ಎಂಟರಿಂದ ಹನ್ನೆರಡು ಗಂಟೆ ಬಿಟ್ಟು ಪೋಷಕಾಂಶ ತುಂಬುವ ಎನ್‌ರಿಚ್‌ಮೆಂಟ್ ದ್ರಾವಣಕ್ಕೆ ಹಾಕಿ, ಇನ್ನೂ ಹನ್ನೆರಡು ಗಂಟೆಯ ನಂತರ ತೊಳೆದು ತಿನ್ನಿಸಿ. ಆರ್ಟೀಮಿಯಾ ಮೊಟ್ಟೆಯ ಸಿಪ್ಪೆ ಹೊಟ್ಟೆಗೆ ಹೋದರೆ ಮೀನಿನ ಮರಿಯ ಕರುಳು ಕಟ್ಟುತ್ತದೆ, ಗಾಳಿ ನಿಲ್ಲಿಸಿ ತೇಲಿದ ಸಿಪ್ಪೆ ಬೇರ್ಪಡಿಸಿ. ಲೈಟನ್ನೂ ಒಮ್ಮೆಲೇ ಹಾಕದೆ, ಮೊದಲು ಕೋಣೆಯ ದೀಪ ಹಾಕಿ.

ಮರಿ ಹೆಚ್ಚಾದವೆಂದು ಕಾರವಾರಕ್ಕೋ ಗೋವಾಕ್ಕೋ ಹೋಗಿ ಸಮುದ್ರಕ್ಕೆ ಬಿಡಬೇಡಿ. ಅದು ಬಂಗಾಯ್‌ನ ಮೀನು, ಅರಬ್ಬಿ ಸಮುದ್ರದ್ದಲ್ಲ. ವ್ಯಾಪಾರದ ದಾರಿಯಲ್ಲಿ ತಪ್ಪಿಸಿಕೊಂಡವು ಇಂಡೊನೇಷ್ಯಾದ ಲೆಂಬೆ ಜಲಸಂಧಿಯಲ್ಲಿ ಈಗಾಗಲೇ ನೆಲೆಯೂರಿವೆ. ಪೆಲೆಟ್ ತಿನ್ನಲು ಕಲಿತ ಮೇಲೆ ಊರಿನ ಸಾಕುವವರಿಗೇ ಕೊಡಿ. ಒಂದೇ ಸಂಸಾರದ ಮರಿಗಳನ್ನು ಜೋಡಿ ಮಾಡದಂತೆ, ಯಾವ ಜೋಡಿಯ ಮರಿ, ಯಾವ ತಿಂಗಳದ್ದು ಎಂದು ಚೀಟಿಯಲ್ಲಿ ಬರೆದು ಕೊಡಿ.